ಹಾಲು ಒಡೆದದ್ದಲ್ಲ, ಕೆನೆ ಕಟ್ಟಿದ್ದು

"ಡಾಕ್ಟ್ರೇ, ಇದು ಒಡೆದಿದೆ ಅಲ್ವಾ? ನಾನು ದಿನಾ ಸೋಸಿಯೇ ಕೊಡುವುದು."

ಅಜ್ಜಿ ಚೀಲದಿಂದ ಚಾ ಸೋಸುವ ಜಾಲರಿಯನ್ನೇ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಐಸ್ ಚೀಲದಿಂದ ಈಗಷ್ಟೇ ಹೊರಬಂದ ಎದೆಹಾಲಿನ ಬಾಟಲಿ. ಕೆಳಗಿನ ಮುಕ್ಕಾಲು ಭಾಗ ಅಕ್ಕಿ ತೊಳೆದ ನೀರಿನ ಹಾಗೆ, ಸ್ವಲ್ಪ ನೀಲಿ ಕಾಣುವ ತೆಳು ಹಾಲು. ಮೇಲೆ ಅರ್ಧ ಬೆರಳಿನಷ್ಟು ತಿಳಿ ಹಳದಿ ಪದರ. ಬಾಟಲಿಯ ಒಳಗೋಡೆಗೆ ಬೆಣ್ಣೆಯ ಚೂರಿನ ಹಾಗೆ ಅಂಟಿಕೊಂಡ ಬಿಳಿ ಚುಕ್ಕೆಗಳು. ಜಾಲರಿಯ ಕಣ್ಣುಗಳಲ್ಲೂ ಅದೇ ಜಿಡ್ಡು. ಬೆರಳಿನಿಂದ ತೆಗೆದು ಉಜ್ಜಿದೆ. ಕರಗಿ ಹೋಯಿತು.

ಮಗುವಿಗೆ ಐದು ತಿಂಗಳು ತುಂಬುತ್ತಿತ್ತು. ಅಮ್ಮ ಬೆಳಿಗ್ಗೆ ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರು. 26 ವಾರಗಳ ಹೆರಿಗೆ ರಜೆಯಲ್ಲಿ 8 ವಾರ ಹೆರಿಗೆಗೆ ಮೊದಲೇ ಮುಗಿದಿತ್ತು. ಆಫೀಸಿನಲ್ಲಿ ಪಂಪ್ ಮಾಡಿ, ಐಸ್ ಚೀಲದಲ್ಲಿ ಮನೆಗೆ ತಂದು, ಫ್ರಿಜ್ಜಿನಲ್ಲಿಟ್ಟು, ಮರುದಿನ ಅಜ್ಜಿಗೆ ಒಪ್ಪಿಸಿ ಹೋಗುತ್ತಿದ್ದರು. ಒಂದು ತಿಂಗಳಲ್ಲಿ ಮಗುವಿನ ತೂಕ 200 ಗ್ರಾಂ ಕೂಡ ಏರಿರಲಿಲ್ಲ. ಆ ವಯಸ್ಸಿನಲ್ಲಿ ಸುಮಾರು ಅರ್ಧ ಕಿಲೋ ಏರಬೇಕು.

ನಡುವೆ ಒಂದು ವಾರ ಶೀತ, ಜ್ವರ ಬೇರೆ ಇತ್ತು. ಹಾಗಾಗಿ ಎಲ್ಲವನ್ನೂ ಜಾಲರಿಯ ತಲೆಗೆ ಕಟ್ಟಲಾರೆ. ಆದರೂ ಲೆಕ್ಕ ಹಾಕಿ ನೋಡಿ. ಎದೆಹಾಲಿನಲ್ಲಿ 100 ಮಿ.ಲೀ.ಗೆ ಸರಾಸರಿ 4 ಗ್ರಾಂ ಕೊಬ್ಬು. ದಿನಕ್ಕೆ 300 ಮಿ.ಲೀ. ಬಾಟಲಿ ಹಾಲು ಅಂದರೆ 12 ಗ್ರಾಂ. ಅದರಲ್ಲಿ ಅರ್ಧ ಜಾಲರಿಯಲ್ಲೂ ಬಾಟಲಿಯಲ್ಲೂ ಉಳಿದರೆ 50ಕ್ಕೂ ಹೆಚ್ಚು ಕ್ಯಾಲರಿ ಸಿಂಕಿಗೆ ಹೋಯಿತು. ಎದೆಹಾಲು ಕೊಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಬರುವುದೇ ಈ ಕೊಬ್ಬಿನಿಂದ.

ಅಜ್ಜಿಯದು ತಪ್ಪು ಅಂತ ನನಗೆ ಅನಿಸಲೇ ಇಲ್ಲ. ಅಂಗಡಿಯ ಹೋಮೋಜಿನೈಸ್ ಮಾಡಿದ ಪ್ಯಾಕೆಟ್ ಹಾಲು ಫ್ರಿಜ್ಜಿನಲ್ಲಿ ಎಷ್ಟು ಹೊತ್ತು ಇಟ್ಟರೂ ಒಂದೇ ಬಣ್ಣ. ಅಂಥ ಹಾಲನ್ನು ಭಾರೀ ಒತ್ತಡದಲ್ಲಿ ಸಣ್ಣ ಕಿಂಡಿಯಿಂದ ದಾಟಿಸಿ ಕೊಬ್ಬಿನ ಹನಿಗಳನ್ನು ಒಡೆದು ಚಿಕ್ಕದು ಮಾಡಿರುತ್ತಾರೆ. 1899ರಲ್ಲಿ ಫ್ರಾನ್ಸಿನ ಓಗಸ್ಟ್ ಗೋಲ್ಯಾಂ ಇದರ ಯಂತ್ರಕ್ಕೆ ಪೇಟೆಂಟ್ ಪಡೆದ. ಅಮ್ಮನ ಎದೆಯಲ್ಲಿ ಅಂಥ ಯಂತ್ರ ಇಲ್ಲ. ಅಲ್ಲಿ ಕೊಬ್ಬು ಪುಟ್ಟ ಪುಟ್ಟ ಗೋಲಿಗಳಾಗಿ ನೀರಿನಂಶದಲ್ಲಿ ತೇಲಿಕೊಂಡಿರುತ್ತದೆ. ನೀರಿಗಿಂತ ಹಗುರ. ಅಲುಗಾಡಿಸದೆ ಇಟ್ಟರೆ ಕೆಲವು ಗಂಟೆಗಳಲ್ಲಿ ಮೇಲೆ ಬಂದು ಕೂರುತ್ತದೆ. ಅಷ್ಟೇ ವಿಷಯ. ಹಿಂಡಿದ ತೆಂಗಿನಕಾಯಿ ಹಾಲನ್ನು ಫ್ರಿಜ್ಜಿನಲ್ಲಿಟ್ಟವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಆದರೆ ಕಾಯಿಹಾಲಿಗೂ ಎದೆಹಾಲಿಗೂ ಒಂದು ವಿಷಯದಲ್ಲಿ ಪೂರ್ತಿ ಉಲ್ಟಾ. ಪಾಯಸಕ್ಕೆ ಹಿಂಡುವಾಗ ಮೊದಲ ಹಾಲು ದಪ್ಪ, ಎರಡನೆಯದು, ಮೂರನೆಯದು ತೆಳು. ಎದೆಯಲ್ಲಿ ಮೊದಲು ಬರುವುದು ತೆಳು, ಬರ್ತಾ ಬರ್ತಾ ದಪ್ಪ. ಹಾಲು ತಯಾರಾಗುವ ಸಣ್ಣ ಚೀಲಗಳ ಗೋಡೆಗೆ ಕೊಬ್ಬಿನ ಗೋಲಿಗಳು ಅಂಟಿಕೊಂಡಿರುತ್ತವೆ. ನೀರಿನಂಶ ಮೊದಲು ಹರಿದು ಬರುತ್ತದೆ. ಎದೆ ಖಾಲಿಯಾಗುತ್ತಾ ಹೋದ ಹಾಗೆ ಗೋಲಿಗಳೂ ಬಿಟ್ಟು ಬರುತ್ತವೆ. ದನ ಕರೆದು ಅಭ್ಯಾಸ ಇದ್ದವರಿಗೆ ಇದು ಗೊತ್ತು. ನಾನು ಈ ಅಜ್ಜಿಯನ್ನು ಕೇಳಿದೆ, "ನಿಮ್ಮ ಹಟ್ಟಿಯಲ್ಲಿ ಕೊನೆಗೆ ಕರೆದ ಹಾಲು ಹೇಗಿರ್ತದೆ?" ಅವರ ಮನೆಯಲ್ಲಿ ಎರಡು ಕಾಸರಗೋಡು ಗಿಡ್ಡ ದನಗಳಿವೆ. "ಅದು ದಪ್ಪ ಅಲ್ವಾ, ಕರುವಿಗೆ ಬಿಡುವುದು ಅದನ್ನೇ" ಅಂದರು. ಅಂದವರೇ ಬಾಟಲಿಯನ್ನು ಇನ್ನೊಮ್ಮೆ ನೋಡಿದರು.

ಇನ್ನು ಅಮ್ಮನ ಚಿಂತೆ ಬೇರೆಯೇ ಇತ್ತು. ಅವರು ಮೊಬೈಲಿನಲ್ಲಿ ಬಾಟಲಿಗಳ ಫೋಟೋ ತೆಗೆದಿಟ್ಟಿದ್ದರು. ಬೆಳಗಿನ ಬಾಟಲಿಯಲ್ಲಿ 120 ಮಿ.ಲೀ., ಮೇಲೆ ಗೆರೆ ಎಳೆದಷ್ಟೇ ಕೆನೆ. ಸಂಜೆಯದರಲ್ಲಿ 50 ಮಿ.ಲೀ., ಕೆನೆ ದಪ್ಪ. "ಬೆಳಿಗ್ಗೆ ನನ್ನ ಹಾಲಿನಲ್ಲಿ ಏನೂ ಇರುವುದಿಲ್ವಾ ಡಾಕ್ಟ್ರೇ?"

ಇರುತ್ತದೆ. ರಾತ್ರಿ ಹೊತ್ತು ಮಗು ಹೆಚ್ಚು ನಿದ್ದೆ ಮಾಡಿದರೆ ಬೆಳಿಗ್ಗೆ ಎದೆ ತುಂಬಿರುತ್ತದೆ. ತುಂಬಿದ ಎದೆಯ ಹಾಲು ತೆಳು, ಖಾಲಿಯಾಗುತ್ತಿರುವ ಎದೆಯ ಹಾಲು ದಪ್ಪ. ಕೆನೆಯ ಗೆರೆ ಹೇಳುವುದು ಆ ಹೊತ್ತಿಗೆ ಎದೆ ಎಷ್ಟು ತುಂಬಿತ್ತು ಅನ್ನುವುದನ್ನು, ಅಮ್ಮನ ಹಾಲು ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನಲ್ಲ. ಬೆಳಗಿನ ಹಾಲಿನಲ್ಲಿ 100ಕ್ಕೆ 3 ಗ್ರಾಂ, ಸಂಜೆಯದರಲ್ಲಿ 5 ಗ್ರಾಂ ಅಂತ ಇಟ್ಟುಕೊಳ್ಳಿ. ಆಗ 120 ಮಿ.ಲೀ.ಯಲ್ಲಿ 3.6 ಗ್ರಾಂ, 50 ಮಿ.ಲೀ.ಯಲ್ಲಿ ಎರಡೂವರೆ ಗ್ರಾಂ. ತೆಳು ಅಂತ ಬೇಸರ ಮಾಡಿಕೊಂಡ ಬಾಟಲಿಯಲ್ಲೇ ಕೊಬ್ಬು ಜಾಸ್ತಿ!

ಸ್ಕೇಲ್ ಹಿಡಿದು ಕೆನೆ ಅಳೆಯುವ ಅಮ್ಮಂದಿರೂ ಬರುತ್ತಾರೆ. ಆಸ್ಪತ್ರೆಯಲ್ಲಿ ಹಾಗೆ ಅಳೆಯುವ ಒಂದು ವಿಧಾನ ಉಂಟು, ಕ್ರೀಮಟೋಕ್ರಿಟ್ ಅಂತ. ಇಂಗ್ಲೆಂಡಿನ ಅಲನ್ ಲೂಕಸ್ ಮತ್ತು ಸಂಗಡಿಗರು 1978ರಲ್ಲಿ ಅದನ್ನು ವಿವರಿಸಿದರು. ರಕ್ತ ಪರೀಕ್ಷೆಯ ಕೂದಲೆಳೆಯಂಥ ಗಾಜಿನ ಕೊಳವೆಗೆ ಹಾಲು ತುಂಬಿ, ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಒತ್ತಿ ಕೂತ ಕೆನೆಯನ್ನು ಅಳೆಯುವುದು. ತೀರಾ ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಿಭಾಗದಲ್ಲಿ ಅದಕ್ಕೆ ಅರ್ಥ ಇದೆ. ಫ್ರಿಜ್ಜಿನ ಬಾಟಲಿಯಲ್ಲಿ ಕೆನೆ ಸಡಿಲವಾಗಿ ಕೂತಿರುತ್ತದೆ. ಬಾಟಲಿ ಅಗಲವಾದರೆ ಪದರ ತೆಳು, ಸಪೂರವಾದರೆ ದಪ್ಪ. ಸ್ಕೇಲನ್ನು ಮಕ್ಕಳ ಶಾಲೆಯ ಚೀಲಕ್ಕೇ ವಾಪಸ್ ಹಾಕಿ. ನಾವು ಹಾಲಿನ ಸೊಸೈಟಿಯಲ್ಲಿ ಫ್ಯಾಟ್ ನೋಡಿ ದುಡ್ಡು ಎಣಿಸಿ ಅಭ್ಯಾಸವಾದವರು. ಅದೇ ಕಣ್ಣಿನಿಂದ ಬಾಣಂತಿಯನ್ನೂ ನೋಡುತ್ತೇವೆ, ಅದು ನನಗೆ ಸರಿ ಕಾಣುವುದಿಲ್ಲ.

"ನಿನ್ನ ಹಾಲು ನೀರು" ಎನ್ನುವ ಮಾತು ಎಷ್ಟು ಮನೆಗಳಲ್ಲಿ ಬಾಣಂತಿಯನ್ನು ಅಳಿಸಿದೆಯೋ! ಉಗುರಿನ ಮೇಲೆ ಹನಿ ಬಿಟ್ಟು ನೋಡುತ್ತಾರೆ, ನೀರಿಗೆ ಹಾಕಿ ನೋಡುತ್ತಾರೆ. ಹಳೆಯ ಕ್ರಮ ಬೇಕಾದವರಿಗೆ ನಾನು ಸುಶ್ರುತ ಸಂಹಿತೆಯನ್ನೇ ಮುಂದಿಡುತ್ತೇನೆ. ಅದರ ಪ್ರಕಾರ ಒಳ್ಳೆಯ ಎದೆಹಾಲಿನ ಲಕ್ಷಣಗಳಲ್ಲಿ ಒಂದು, ಅದು ತೆಳುವಾಗಿರುವುದು. ನೀರಿಗೆ ಹಾಕಿದರೆ ತೇಲದೆ, ಮುಳುಗದೆ ಬೆರೆಯಬೇಕು. ಇದನ್ನು ಕೇಳಿದ ಮೇಲೆ ಅತ್ತೆಯಂದಿರು ಸುಮ್ಮನಾಗುವುದನ್ನು ಎರಡು ಮೂರು ಸಲ ನೋಡಿದ್ದೇನೆ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ಶುರುವಿಗೆ ಬರುವ ತೆಳು ಹಾಲು "ಮುಂದಿನ ಹಾಲು", ಕೊನೆಗೆ ಬರುವ ದಪ್ಪ ಹಾಲು "ಹಿಂದಿನ ಹಾಲು" ಅಂತ ಎಲ್ಲರಿಗೂ ಪಾಠ ಮಾಡುತ್ತಿದ್ದೆ. ಒಬ್ಬ ತಾಯಿ ಅದನ್ನು ಅಕ್ಷರಶಃ ಹಿಡಿದರು. ಒಂದೇ ಕಡೆ ಇಪ್ಪತ್ತು ನಿಮಿಷ ಅಂತ ಗಡಿಯಾರ ನೋಡುತ್ತಾ ಕೂತು, ಮಗು ತಾನಾಗಿ ಬಿಟ್ಟರೂ ಮತ್ತೆ ಒತ್ತಿ ಕುಡಿಸುತ್ತಿದ್ದರು. ಇನ್ನೊಂದು ಕಡೆ ಹಾಲು ಕಟ್ಟಿ ಜ್ವರ ಬಂತು. ನಿಜದಲ್ಲಿ ಇವು ಎರಡು ಬೇರೆ ಬೇರೆ ಹಾಲುಗಳಲ್ಲ, ಇಲ್ಲಿಂದ ಅಲ್ಲಿಗೆ ಅಂತ ಗಡಿ ಹಾಕಲಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 71 ತಾಯಂದಿರನ್ನು ದಿನವಿಡೀ ಅಳೆದು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬುದ್ಧಿ ಕಲಿಸಿತು. ಕೆಲವು ಮಕ್ಕಳು ದಿನಕ್ಕೆ 6 ಸಲ ಕುಡಿದವು, ಕೆಲವು 18 ಸಲ. 24 ಗಂಟೆಯಲ್ಲಿ ಹೊಟ್ಟೆಗೆ ಹೋದ ಕೊಬ್ಬು ಎಷ್ಟು ಸಲ ಕುಡಿದವು ಅನ್ನುವುದನ್ನು ಅವಲಂಬಿಸಿರಲಿಲ್ಲ. ಆಗಾಗ ಸ್ವಲ್ಪ ಸ್ವಲ್ಪ ಕುಡಿಯುವ ಮಗುವಿಗೆ ಎದೆ ಪೂರ್ತಿ ತುಂಬುವುದೇ ಇಲ್ಲವಲ್ಲ, ಹಾಗಾಗಿ ಶುರುವಿನ ಹಾಲೂ ಅಷ್ಟು ತೆಳುವಾಗಿರುವುದಿಲ್ಲ. ಗಡಿಯಾರ ತೆಗೆದಿಡಿ ಅಂತ ಈಗ ಹೇಳುತ್ತೇನೆ.

ತುಪ್ಪ ತಿಂದರೆ ಹಾಲು ದಪ್ಪ ಆಗುತ್ತದಾ? ತುಪ್ಪ ತಿಂದರೆ ಅಮ್ಮ ದಪ್ಪ ಆಗುತ್ತಾರೆ. ಹಾಲಿನಲ್ಲಿ ಕೊಬ್ಬು ಎಷ್ಟು ಅನ್ನುವುದನ್ನು ಊಟ ಅಷ್ಟಾಗಿ ಬದಲಾಯಿಸುವುದಿಲ್ಲ. ಯಾವ ಜಾತಿಯ ಕೊಬ್ಬು ಅನ್ನುವುದನ್ನು ಮಾತ್ರ ಬದಲಾಯಿಸುತ್ತದೆ. ಬೂತಾಯಿ, ಬಂಗುಡೆ ತಿನ್ನುವವರ ಹಾಲಿನಲ್ಲಿ ಮಗುವಿನ ಮೆದುಳಿಗೂ ಕಣ್ಣಿಗೂ ಬೇಕಾದ ಡಿಎಚ್‌ಎ ಎಂಬ ಕೊಬ್ಬು ಹೆಚ್ಚು. ಬಾಣಂತಿಗೆ ಮೀನು ನಂಜು ಅಂತ ಬಿಡಿಸುವ ಮನೆಗಳಲ್ಲಿ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಈಗ ಫ್ರಿಜ್ಜಿನ ವಿಷಯ. ಒಂದೇ ದಿನ ಪಂಪ್ ಮಾಡಿದ ಹಾಲನ್ನೆಲ್ಲ, ತಣಿದ ಮೇಲೆ, ಒಂದೇ ಪಾತ್ರೆಗೆ ಸೇರಿಸಬಹುದು. ಬೆಳಗಿನ ತೆಳು, ಸಂಜೆಯ ದಪ್ಪ ಎಲ್ಲ ಒಂದಾಗುತ್ತದೆ. ಒಂದು ಬಾಟಲಿಯನ್ನು ಎರಡು ಸಲಕ್ಕೆ ಕೊಡುವುದಾದರೆ ಮೊದಲು ಕಲಸಿ, ಆಮೇಲೆ ಪಾಲು ಮಾಡಿ. ಹಾಗೇ ಬಗ್ಗಿಸಿದರೆ ಕೆನೆಯೆಲ್ಲ ಒಂದು ಪಾಲಿಗೆ ಹೋಗುತ್ತದೆ. ಗಡಗಡ ಅಲುಗಿಸಿದರೆ ಹಾಲು ಕೆಡುವುದೇನಿಲ್ಲ, ನೊರೆ ಬರುತ್ತದೆ, ಮಗು ಗಾಳಿ ನುಂಗುತ್ತದೆ. ಮೆಲ್ಲ ಸುತ್ತ ತಿರುಗಿಸಿದರೆ ಸಾಕು. ಮೈಕ್ರೋವೇವ್ ಬೇಡ, ಒಂದು ಕಡೆ ಕುದಿಯುವಷ್ಟು ಬಿಸಿ, ಇನ್ನೊಂದು ಕಡೆ ತಣ್ಣಗೆ ಇರುತ್ತದೆ.

ನಿಜವಾಗಿ ಕೆಟ್ಟ ಹಾಲು ಹುಳಿ ವಾಸನೆ ಬರುತ್ತದೆ, ಬೆಚ್ಚಗೆ ಮಾಡಿ ತಿರುಗಿಸಿದರೂ ಗಂಟು ಗಂಟಾಗಿಯೇ ಉಳಿಯುತ್ತದೆ. ಅದನ್ನು ಚೆಲ್ಲಿ. ಸಾಬೂನಿನ ವಾಸನೆ ಬಂದರೆ ಅದು ಬೇರೆ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಫ್ರಿಜ್ಜಿನಲ್ಲೂ ಕೊಬ್ಬನ್ನು ಒಡೆಯುತ್ತಿರುತ್ತದೆ. ಮಗು ಕುಡಿದರೆ ಏನೂ ತೊಂದರೆ ಇಲ್ಲ.

ಕೋಣೆಯಲ್ಲಿ 4 ಗಂಟೆ ಇಡಬಹುದು ಎಂದು ಓದಿರುತ್ತೀರಿ. ಅದು 25 ಡಿಗ್ರಿ ಅಥವಾ ಅದಕ್ಕಿಂತ ತಂಪಾದ ಕೋಣೆಗೆ ಹೇಳಿದ್ದು. ನಮ್ಮ ಏಪ್ರಿಲ್ ಸೆಖೆಗೆ, ಕರೆಂಟು ಹೋದ ಮಧ್ಯಾಹ್ನಕ್ಕೆ ಅಲ್ಲ. ಫ್ರಿಜ್ಜಿನಲ್ಲಿ 4 ದಿನ, ಬಾಗಿಲಿನಲ್ಲಿ ಬೇಡ, ಒಳಗೆ ಹಿಂದೆ ಇಡಿ. ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯೊಳಗೆ ಮುಗಿಸಬೇಕು.

ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ತೂಕ ನೋಡಬೇಕು, ದಿನಕ್ಕೆ ಆರು ಸಲವಾದರೂ ಮೂತ್ರ ಹೋಗುತ್ತದೆಯೇ ನೋಡಬೇಕು. ಅಂಗನವಾಡಿಯ ತಕ್ಕಡಿ ಸಾಕು. ಈ ಮಗು ಮುಂದಿನ ತಿಂಗಳು 480 ಗ್ರಾಂ ಏರಿತ್ತು.

ಆ ದಿನ ಕ್ಲಿನಿಕ್ಕಿನಲ್ಲಿ ನಾನು ಮಾಡಿದ್ದು ಹೆಚ್ಚೇನಿಲ್ಲ. ಸ್ಟೀಲ್ ಪಾತ್ರೆಯಲ್ಲಿ ಉಗುರು ಬೆಚ್ಚಗಿನ ನೀರಿಗಿಂತ ಸ್ವಲ್ಪ ಬಿಸಿ ನೀರು ತರಿಸಿ ಬಾಟಲಿಯನ್ನು ಅದರಲ್ಲಿ ನಿಲ್ಲಿಸಿದೆ. ಗೋಡೆಯ ಬಿಳಿ ಚುಕ್ಕೆಗಳು ಒಂದೊಂದಾಗಿ ಜಾರಿದವು. ಐದು ನಿಮಿಷ ಬಿಟ್ಟು ಅಜ್ಜಿಯ ಕೈಗೇ ಕೊಟ್ಟೆ, ತಿರುಗಿಸಿ ಅಂದೆ. ನಾಲ್ಕು ಸುತ್ತಿಗೆ ಹಳದಿ ಗೆರೆ ಮಾಯ. ಅಜ್ಜಿ ಹಾಲನ್ನು ಒಳಲೆಗೆ ಬಗ್ಗಿಸಿ ಮಗುವಿಗೆ ಕುಡಿಸಿದರು. ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಕವುಚಿ ಹಿಡಿದು, ತಳ ತಟ್ಟಿ, ಕೊನೆಯ ಎರಡು ಹನಿಗಳನ್ನೂ ಒಳಲೆಗೆ ಬಸಿದರು.