ಹೊಲಿಗೆ ಬಿಚ್ಚಿದ ಮೇಲಿನ ತಿಂಗಳುಗಳು: ಕುದುರೆಯ ಕಾಲು ಮರಳಿ ಚಲಿಸುವ ಬಗೆ

ಕುದುರೆಯ ಕಾಲಿನ ಲಿಗಮೆಂಟಿಗೆ, ಅಂದರೆ ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿಗೆ, ಶಸ್ತ್ರಚಿಕಿತ್ಸೆ ಮಾಡಿಸಿದವರಿಗೆ ಮೂರು ಕಡೆಯಿಂದ ಮೂರು ಥರದ ಸಲಹೆ ಬರುತ್ತದೆ. ಆರು ತಿಂಗಳು ಲಾಯದಿಂದ ಹೊರಗೆ ಬಿಡಬೇಡಿ ಎನ್ನುತ್ತಾರೆ ಒಬ್ಬರು. ನಾಳೆಯಿಂದಲೇ ಹಗ್ಗ ಹಿಡಿದು ನಡೆಸಿ ಎನ್ನುತ್ತಾರೆ ಇನ್ನೊಬ್ಬರು. ನೀರಿನ ಟ್ರೆಡ್‌ಮಿಲ್ಲಿಗೆ ಕಳಿಸಿದರೆ ಬೇಗ ಓಡುತ್ತದೆ ಎನ್ನುವವರೂ ಇದ್ದಾರೆ. ಈ ಮೂರೂ ಸಲಹೆಗಳು ಹುಟ್ಟಿದ್ದು ಬೇರೆ ಬೇರೆ ಕಾಲದಲ್ಲಿ. ಇವತ್ತು ಮೂರೂ ಒಟ್ಟಿಗೇ ಚಾಲ್ತಿಯಲ್ಲಿವೆ.

ಮುಂಗಾಲಿನಲ್ಲಿ ಮಂಡಿಯ ಕೆಳಗೆ, ಹಿಂಗಾಲಿನಲ್ಲಿ ಹಾಕ್ ಎಂಬ ನಡುಗೀಲಿನ ಕೆಳಗೆ ಕುದುರೆಗೆ ಮಾಂಸಖಂಡ ಇಲ್ಲವೆಂದೇ ಹೇಳಬೇಕು. ಚರ್ಮ ಮತ್ತು ಮೂಳೆಯ ನಡುವೆ ಇರುವುದೆಲ್ಲ ಮಾಂಸಖಂಡವನ್ನು ಮೂಳೆಗೆ ಜೋಡಿಸುವ ಟೆಂಡನ್ ಮತ್ತು ಲಿಗಮೆಂಟುಗಳ ಪಟ್ಟಿ. ಅವುಗಳಲ್ಲಿ ಸಸ್ಪೆನ್ಸರಿ ಲಿಗಮೆಂಟ್ ಕಾಲಿನ ಉದ್ದ ಮೂಳೆಯ ಹಿಂಬದಿಯಲ್ಲಿ ಇಳಿದು, ಎರಡು ಕವಲಾಗಿ, ಗೊರಸಿನ ಮೇಲಿನ ಫೆಟ್‌ಲಾಕ್ ಕೀಲನ್ನು ತೊಟ್ಟಿಲಿನ ಹಾಗೆ ತೂಗಿ ಹಿಡಿದಿರುತ್ತದೆ. ನಾಗಾಲೋಟದಲ್ಲಿ ಆ ಕೀಲು ನೆಲ ಮುಟ್ಟುವಷ್ಟು ಕೆಳಗಿಳಿಯುತ್ತದೆ. ಅದರ ಹಿಂದಿರುವ ಟೆಂಡನ್ನಿನ ಒಳಗೆ ಆಗ ತಾಪ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದನ್ನು ಅಳೆದು ನೋಡಿದ್ದಾರೆ. ಇಷ್ಟು ದುಡಿಯುವ ಅಂಗಾಂಶಕ್ಕೆ ರಕ್ತದ ಪೂರೈಕೆ ಮಾತ್ರ ಬಹಳ ಕಡಿಮೆ. ಹಾಗಾಗಿ ಗಾಯ ಮಾಯುವುದು ನಿಧಾನ. ಮಾಯ್ದರೂ ಮೊದಲು ಬರುವುದು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ, ಕೊಲಾಜೆನ್ ಎಂಬ ಪ್ರೋಟೀನಿನ ದುರ್ಬಲ ಎಳೆಗಳು.

ಶತಮಾನಗಳ ಕಾಲ ಇದಕ್ಕೆ ಸಿಕ್ಕ ಉತ್ತರ ಕಾದ ಕಬ್ಬಿಣದ ಬರೆ. ಬರೆ ಹಾಕಿದರೆ ರಕ್ತ ಹರಿದು ಗಾಯ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಎಷ್ಟು ಬಲವಾಗಿತ್ತೆಂದರೆ, ಬ್ರಿಟನ್ನಿನಲ್ಲಿ ಅದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದ ಸಂಶೋಧನೆ ಪ್ರಕಟವಾಗಿದ್ದು 1983ರಲ್ಲಿ. ಬರೆಯಿಂದ ಪ್ರಯೋಜನವಿಲ್ಲ ಎಂಬುದು ಅದರ ತೀರ್ಮಾನ. ಬರೆ ಹಾಕಿಸಿಕೊಂಡ ಕುದುರೆಗಳಲ್ಲಿ ಕೆಲವು ಚೇತರಿಸಿಕೊಂಡಿದ್ದಕ್ಕೆ ಕಾರಣ ಬೆಂಕಿಯಲ್ಲ, ಅದರ ನೆಪದಲ್ಲಿ ಸಿಕ್ಕ ದೀರ್ಘ ವಿಶ್ರಾಂತಿ ಎಂದೇ ನನಗೆ ಅನ್ನಿಸುತ್ತದೆ. ಲಾಯದಲ್ಲಿ ತಿಂಗಳುಗಟ್ಟಲೆ ಕಟ್ಟಿಹಾಕಿ ಎಂಬ ಸಲಹೆ ಆ ಕಾಲದ ಉಳಿಕೆ.

ಶಸ್ತ್ರಚಿಕಿತ್ಸೆ ಬಂದದ್ದು ಇನ್ನೊಂದು ದಾರಿಯಿಂದ. ಕುದುರೆಯ ಲಿಗಮೆಂಟ್ ಶಸ್ತ್ರಚಿಕಿತ್ಸೆ ಎಂದರೆ ಹರಿದದ್ದನ್ನು ಹೊಲಿಯುವುದು ಎಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿ ನಡೆಯುವುದು ಕತ್ತರಿಸುವ ಕೆಲಸ. ಚೆಕ್ ಲಿಗಮೆಂಟ್ ಎಂದರೆ ಟೆಂಡನ್ನನ್ನು ಮೂಳೆಗೆ ಕಟ್ಟಿ ಅದರ ಎಳೆತಕ್ಕೆ ಮಿತಿ ಹಾಕುವ ಪಟ್ಟಿ. ಗೊರಸು ನೆಟ್ಟಗೆ ನಿಂತುಬಿಟ್ಟ ಮರಿಗಳಲ್ಲಿ ಕೆಳಗಿನ ಚೆಕ್ ಲಿಗಮೆಂಟನ್ನು ಕತ್ತರಿಸುವ ಕ್ರಮ 1960–70ರ ದಶಕಗಳಲ್ಲಿ ನೆಲೆಯೂರಿತು. 1986ರಲ್ಲಿ ಅಮೆರಿಕದ ಶಸ್ತ್ರವೈದ್ಯ ಲ್ಯಾರಿ ಬ್ರ್ಯಾಮ್ಲೇಜ್, ಟೆಂಡನ್ ಊದಿದ ರೇಸ್ ಕುದುರೆಗಳಿಗೆ ಮೇಲಿನ ಚೆಕ್ ಲಿಗಮೆಂಟ್ ಕತ್ತರಿಸುವ ವಿಧಾನವನ್ನು ವರದಿ ಮಾಡಿದರು. ಫೆಟ್‌ಲಾಕಿನ ಹಿಂದೆ ಟೆಂಡನ್ನುಗಳನ್ನು ಬಿಗಿದಿಡುವ ಆನ್ಯುಲರ್ ಲಿಗಮೆಂಟ್ ದಪ್ಪಗಾದರೆ ಅದನ್ನೂ ಸೀಳಿ ಸಡಿಲ ಮಾಡುತ್ತಾರೆ.

ಇಲ್ಲಿಗೆ ಇಡೀ ವಿಷಯ ತಿರುವು ತೆಗೆದುಕೊಂಡಿತು. ಕತ್ತರಿಸಿದ ಲಿಗಮೆಂಟ್ ಸುಮ್ಮನೆ ಬಿಟ್ಟುಹೋಗುವುದಿಲ್ಲ, ಎರಡು ತುದಿಗಳ ನಡುವೆ ಹೊಸ ಅಂಗಾಂಶ ತುಂಬಿಕೊಳ್ಳುತ್ತದೆ. ಕುದುರೆ ನಡೆಯುತ್ತಿದ್ದರೆ ಆ ಅಂಗಾಂಶ ಉದ್ದವಾಗಿ ಬೆಳೆಯುತ್ತದೆ. ಕುದುರೆ ನಿಂತೇ ಇದ್ದರೆ ಮತ್ತೆ ಗಿಡ್ಡವಾಗಿ ಬಿಗಿದುಕೊಳ್ಳಬಹುದು, ಪಕ್ಕದ ಟೆಂಡನ್ನಿಗೆ ಅಂಟಿಕೊಳ್ಳಲೂಬಹುದು. ಅಂದಮೇಲೆ ನಡೆಸುವುದು ಶಸ್ತ್ರಚಿಕಿತ್ಸೆಯದೇ ಭಾಗ. ಮನುಷ್ಯರ ವೈದ್ಯದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಕೆನಡಾದ ಮೂಳೆ ವೈದ್ಯ ರಾಬರ್ಟ್ ಸಾಲ್ಟರ್ ಮೊಲಗಳ ಮೇಲೆ ಪ್ರಯೋಗ ಮಾಡಿ, ಕೀಲನ್ನು ಕಟ್ಟಿಡುವುದಕ್ಕಿಂತ ಮೆಲ್ಲಗೆ ಆಡಿಸುತ್ತಿರುವುದು ಮೇಲು ಎಂದು ತೋರಿಸಿದ್ದರು.

1980ರ ದಶಕದ ಆರಂಭದಲ್ಲಿ ಅಲ್ಟ್ರಾಸೌಂಡ್ ಕುದುರೆಯ ಕಾಲಿಗೂ ಬಂತು. ಅಲ್ಲಿಯವರೆಗೆ ಬೆರಳಿನಿಂದ ಒತ್ತಿ, ಊತ ಬಿಸಿ ನೋಡಿ ಹೇಳುತ್ತಿದ್ದುದು ಈಗ ಎಳೆಗಳ ಚಿತ್ರವಾಗಿ ಕಾಣತೊಡಗಿತು. ವ್ಯಾಯಾಮವನ್ನು ಅಳೆದು ಹೆಚ್ಚಿಸುವ ಪದ್ಧತಿ ಬೆಳೆದದ್ದು ಇದರ ಬೆನ್ನಿಗೆ.

ಈ ಪದ್ಧತಿಯನ್ನು ಹತ್ತಿರದಿಂದ ನೋಡಿದಷ್ಟೂ ಅದರ ತಾಳ್ಮೆಯ ಬಗ್ಗೆ ಗೌರವ ಹೆಚ್ಚುತ್ತದೆ. ಮೊದಲ ಕೆಲವು ದಿನ ಗಟ್ಟಿ ಬ್ಯಾಂಡೇಜು, ಊತ ಇಳಿಸುವ ಔಷಧ. ಚೆಕ್ ಅಥವಾ ಆನ್ಯುಲರ್ ಲಿಗಮೆಂಟ್ ಕತ್ತರಿಸಿದ್ದರೆ ಹೊಲಿಗೆ ಬಿಚ್ಚುವ ಮೊದಲೇ ಕೈಹಗ್ಗದಲ್ಲಿ ನಡೆಸಲು ಶುರುಮಾಡುವುದುಂಟು, ದಿನಕ್ಕೆ ಐದು ಹತ್ತು ನಿಮಿಷ. ಲಿಗಮೆಂಟೇ ಹರಿದಿದ್ದರೆ ಇನ್ನೂ ತಡೆಯುತ್ತಾರೆ. ಆಮೇಲೆ ವಾರಕ್ಕೆ ಸುಮಾರು ಐದು ನಿಮಿಷದಂತೆ ಏರಿಸುತ್ತ ಹೋಗುತ್ತಾರೆ. ನಡೆಸುವುದು ಗಟ್ಟಿಯಾದ ಸಮತಟ್ಟು ನೆಲದಲ್ಲಿ, ನೇರ ದಾರಿಯಲ್ಲಿ. ಆಳವಾದ ಮರಳು ಮೆತ್ತಗಿರುತ್ತದೆ, ಹಾಗಾಗಿ ಅದೇ ಒಳ್ಳೆಯದು ಎನಿಸುತ್ತದೆ. ಆದರೆ ಅದರಲ್ಲಿ ಗೊರಸು ಹೂತು ಸಸ್ಪೆನ್ಸರಿಯ ಮೇಲೆ ಎಳೆತ ಹೆಚ್ಚುತ್ತದೆ. ಸಣ್ಣ ಸುತ್ತಿನಲ್ಲಿ ತಿರುಗಿಸಿದರೆ ಭಾರ ಒಂದೇ ಕವಲಿನ ಮೇಲೆ ಬೀಳುತ್ತದೆ.

ನಡಿಗೆಯ ಆಚೆಗೂ ಕೆಲಸವಿದೆ. ಕಾಲನ್ನು ಎತ್ತಿ ಫೆಟ್‌ಲಾಕನ್ನು ಮೆಲ್ಲಗೆ ಮಡಿಸಿ ಬಿಡಿಸುತ್ತಾರೆ. ನೋವಿನಿಂದ ಒಂದು ಕಾಲನ್ನು ಕಾಪಾಡಿಕೊಂಡ ಕುದುರೆಯ ಭುಜ, ಸೊಂಟದ ಮಾಂಸಖಂಡ ಸೊರಗಿರುತ್ತದೆ, ಎದುರು ಕಾಲು ಹೆಚ್ಚು ಭಾರ ಹೊತ್ತು ದಣಿದಿರುತ್ತದೆ. ನೆಲದ ಮೇಲೆ ಕೋಲು ಜೋಡಿಸಿ ದಾಟಿಸಿದರೆ ಕಾಲನ್ನು ಎತ್ತಿ ಮಡಚುವ ಅಭ್ಯಾಸ ಮರಳುತ್ತದೆ. ಹಿಂಗಾಲಿನ ಗೊರಸಿನ ಮೇಲೆ ಹಗುರವಾದ ಬಳೆ ಕಟ್ಟಿದರೂ ಕುದುರೆ ಹೆಜ್ಜೆಯನ್ನು ಎತ್ತರಿಸುತ್ತದೆ ಎಂದು ನಡಿಗೆಯ ಅಧ್ಯಯನಗಳು ತೋರಿಸಿವೆ. ನೀರಿನ ಟ್ರೆಡ್‌ಮಿಲ್ ನಿಜಕ್ಕೂ ಉಪಯುಕ್ತ. ನೀರಿನ ಮಟ್ಟ ಏರಿದಂತೆ ಕಾಲಿನ ಮೇಲಿನ ತೂಕ ಇಳಿಯುತ್ತದೆ, ಕೀಲುಗಳು ಹೆಚ್ಚು ಮಡಚುತ್ತವೆ. ಆದರೆ ಗಾಯ ಪೂರ್ತಿ ಮುಚ್ಚುವವರೆಗೆ ಅಲ್ಲಿಗೆ ಇಳಿಸುವಂತಿಲ್ಲ. ಅದು ಕೊಲಾಜೆನ್ ಮಾಗುವ ಕಾಲವನ್ನು ಅರ್ಧ ಮಾಡುತ್ತದೆ ಎಂಬ ಮಾತಿಗೆ ಆಧಾರವೂ ಇಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ನೋಡಿ ಟ್ರಾಟ್ (ದುಡುಕಿ ಓಟ), ಅದರ ಮೇಲೆ ಕ್ಯಾಂಟರ್ (ನಾಗಾಲೋಟಕ್ಕಿಂತ ನಿಧಾನದ ಓಟ) ಸೇರಿಸುತ್ತಾರೆ. ಬಯಲಿಗೆ ಸ್ವತಂತ್ರವಾಗಿ ಬಿಡುವುದು ಬಹಳ ತಡವಾಗಿ, ಯಾಕೆಂದರೆ ಕಟ್ಟಿಹಾಕಿದ್ದ ಕುದುರೆ ಹಗ್ಗ ಬಿಚ್ಚಿದ ಕ್ಷಣ ಕುಣಿದು ತಿಂಗಳುಗಳ ಕೆಲಸವನ್ನು ಹಾಳುಮಾಡಿಕೊಳ್ಳಬಲ್ಲದು. ಚೆಕ್ ಲಿಗಮೆಂಟ್ ಕತ್ತರಿಸಿದ ಮರಿ ಬೇಗ ಸರಿಹೋಗುತ್ತದೆ. ಟೆಂಡನ್ ಅಥವಾ ಸಸ್ಪೆನ್ಸರಿ ಹರಿದಿದ್ದ ಓಟದ ಕುದುರೆಗೆ ಒಂಬತ್ತು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. 2003ರಲ್ಲಿ ಲಂಡನ್ನಿನ ಸಂಶೋಧಕರು ಕುದುರೆಯದೇ ಕಾಂಡಕೋಶಗಳನ್ನು (ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಕೋಶಗಳನ್ನು) ಟೆಂಡನ್ನಿಗೆ ಚುಚ್ಚಿದ ವರದಿ ಬಂದಾಗ ಈ ಕಾಲ ಕುಗ್ಗೀತು ಎಂಬ ಆಸೆ ಹುಟ್ಟಿತ್ತು. ಕೋಶ ಚುಚ್ಚಿದ ಮೇಲೂ ಹಿಡಿಯುತ್ತಿರುವುದು ಅದೇ ನಡಿಗೆಯ ಪಟ್ಟಿಯನ್ನು.

ಈಗಿನ ಜಟಾಪಟಿ ಹಿಂಗಾಲಿನ ಸಸ್ಪೆನ್ಸರಿಯ ಮೇಲ್ತುದಿಯ ಕುರಿತು. ಅಲ್ಲಿ ಬಿಗಿದ ಪೊರೆಯನ್ನು ಸೀಳುವುದರ ಜೊತೆಗೆ ಲಿಗಮೆಂಟಿಗೆ ಹೋಗುವ ನರವನ್ನೂ ಕತ್ತರಿಸುತ್ತಾರೆ. ಹಲವು ಕುದುರೆಗಳು ಕುಂಟುವುದನ್ನು ನಿಲ್ಲಿಸಿ ಕೆಲಸಕ್ಕೆ ಮರಳಿವೆ, ನಿಜ. ಲಿಗಮೆಂಟ್ ಒಳಗೇ ಹರಿದಿದ್ದರೆ ಅಥವಾ ಹಾಕ್ ಕೀಲು ತೀರ ನೆಟ್ಟಗಿದ್ದರೆ ಫಲಿತಾಂಶ ಚೆನ್ನಾಗಿರುವುದಿಲ್ಲ ಎಂಬುದೂ ಅಷ್ಟೇ ನಿಜ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ನಿಯಮಗಳು ನರ ಕತ್ತರಿಸಿದ ಕುದುರೆಯನ್ನು ಸ್ಪರ್ಧೆಗೆ ಬಿಡುವುದಿಲ್ಲ. ಆ ನಿಯಮ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ನೋವು ಹೋದ ಕಾಲು ಮೂರನೇ ತಿಂಗಳಿಗೇ ನೆಟ್ಟಗೆ ಹೆಜ್ಜೆ ಹಾಕಬಹುದು, ಒಳಗಿನ ಎಳೆಗಳು ಆಗಿನ್ನೂ ಹಸಿಯಾಗಿರುತ್ತವೆ. ತಲೆ ಮತ್ತು ಸೊಂಟಕ್ಕೆ ಅಂಟಿಸುವ ಸೆನ್ಸರುಗಳು ಈಗ ಕಣ್ಣಿಗೆ ಕಾಣದ ಕುಂಟನ್ನೂ ಹಿಡಿಯುತ್ತವೆ. ಆದರೆ ಅವು ಅಳೆಯುವುದು ನಡಿಗೆಯನ್ನು ಮಾತ್ರ. ಲಿಗಮೆಂಟ್ ಎಷ್ಟು ಮಾಗಿದೆ ಎಂಬುದಕ್ಕೆ ಸ್ಕ್ಯಾನ್ ಮಾಡಿಯೇ ನೋಡಬೇಕು, ಮುಂದಿನ ಪಂದ್ಯದ ದಿನಾಂಕ ಯಾವುದೇ ಇರಲಿ.