ಮನೆ ಕಂಪ್ಯೂಟರ್‌ನಲ್ಲಿ ಉಳಿದ ಸಿನಿಮಾ

1998ರಲ್ಲಿ ಕ್ಯಾಲಿಫೋರ್ನಿಯಾದ ಪಿಕ್ಸಾರ್ ಅನಿಮೇಷನ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿತ್ತು. ಯಾರೋ ಕೊಟ್ಟ ಒಂದು ಡಿಲೀಟ್ ಕಮಾಂಡ್‌ಗೆ ಸರ್ವರ್‌ನಲ್ಲಿದ್ದ ಫೈಲ್‌ಗಳು ಒಂದೊಂದಾಗಿ ಮಾಯವಾಗತೊಡಗಿದವು. ಮೆಷಿನ್ ನಿಲ್ಲಿಸುವಷ್ಟರಲ್ಲಿ ಸಿನಿಮಾದ ಸುಮಾರು 90% ಹೋಗಿಬಿಟ್ಟಿತ್ತು. ಬ್ಯಾಕಪ್ ಇದೆಯಲ್ಲ ಅಂದುಕೊಂಡರು. ತೆಗೆದು ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ, ಅದು ಕೆಟ್ಟಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಕೊನೆಗೆ ಕೈಹಿಡಿದದ್ದು ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರ್. ಮಗು ಹುಟ್ಟಿದ್ದರಿಂದ ಅವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಹಾಗಾಗಿ ಸಿನಿಮಾದ ಒಂದು ಪ್ರತಿ ಅಲ್ಲಿತ್ತು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿಟ್ಟು ಸ್ಟುಡಿಯೋಗೆ ತಂದರು.

ಆ ಪ್ರತಿ ಉಳಿದದ್ದು ಬೇರೆ ಮನೆಯಲ್ಲಿ ಇದ್ದದ್ದರಿಂದ. ಸ್ಟುಡಿಯೋದ ಡಿಲೀಟ್ ಕಮಾಂಡ್ ಅಲ್ಲಿಗೆ ಮುಟ್ಟಲಿಲ್ಲ, ಅಷ್ಟೇ.

ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’ಕ್ಕೆ ಈ ಅದೃಷ್ಟ ಇರಲಿಲ್ಲ. ಅದರ ಒಂದು ಪ್ರಿಂಟ್ ಕೂಡ ಇವತ್ತು ಸಿಗುವುದಿಲ್ಲ. ರೀಲಿನ ಕಾಲದಲ್ಲಿ ಪ್ರತಿ ತೆಗೆಯೋದು ದುಬಾರಿ ಕೆಲಸ, ಜೊತೆಗೆ ಪ್ರತಿಯ ಪ್ರತಿ ಮಾಡಿದ ಹಾಗೆ ಚಿತ್ರ ಮಂಕಾಗುತ್ತಿತ್ತು. ಮದುವೆ ಕ್ಯಾಸೆಟ್‌ನ ನಕಲು ಮಾಡಿಸಿದವರಿಗೆ ಈ ಮಂಕು ಗೊತ್ತು. ಡಿಜಿಟಲ್ ಫೈಲ್ ಹಾಗಲ್ಲ. ಸರಿಯಾಗಿ ಆದ ನೂರನೇ ಪ್ರತಿಗೂ ಮೂಲಕ್ಕೂ ಒಂದು ಬಿಟ್ (ಒಂದು 0 ಅಥವಾ 1) ವ್ಯತ್ಯಾಸವೂ ಇರುವುದಿಲ್ಲ. ಇಷ್ಟು ದೊಡ್ಡ ಅನುಕೂಲ ಕೈಯಲ್ಲಿದ್ದೂ ಎಷ್ಟೋ ಮನೆಗಳಲ್ಲಿ ಮದುವೆ, ನಾಮಕರಣದ ವಿಡಿಯೋ ಇರೋದು ಒಂದೇ ಒಂದು ಡಿವಿಡಿಯಲ್ಲಿ. ನನಗೆ ನಿಜಕ್ಕೂ ಸಂಕಟವಾಗುವ ವಿಷಯ ಇದು. ಮನೆಯಲ್ಲಿ ಬರೆಯುವ ಡಿವಿಡಿಯಲ್ಲಿ ಮಾಹಿತಿ ಇರೋದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ ತಾಗಿದರೆ ಆ ಬಣ್ಣ ಕೆಡುತ್ತದೆ.

ಜಾಗಕ್ಕೇನೂ ಕೊರತೆಯಿಲ್ಲ. ಸಾಮಾನ್ಯ ಡಿವಿಡಿ ಹಿಡಿಸೋದು 4.7 ಜಿಬಿ. ಒಂದು ಟಿಬಿ, ಅಂದರೆ ಸಾವಿರ ಜಿಬಿ, ಹಾರ್ಡ್ ಡಿಸ್ಕ್‌ನಲ್ಲಿ ಅಂಥವು ಇನ್ನೂರಕ್ಕಿಂತ ಜಾಸ್ತಿ ಕೂರುತ್ತವೆ. ಜಿಪ್ ಮಾಡಿ ಇನ್ನಷ್ಟು ಉಳಿಸೋಣ ಅಂದರೆ ಲಾಭವಿಲ್ಲ, ಯಾಕೆಂದರೆ ವಿಡಿಯೋ ಮೊದಲೇ ಹಿಂಡಿದ ಫೈಲ್. ಅದು ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಫ್ರೇಮ್ ಪೂರ್ತಿ ಇಟ್ಟು, ನಡುವಿನವುಗಳಲ್ಲಿ ಏನು ಬದಲಾಯಿತು ಅನ್ನೋದನ್ನಷ್ಟೇ ಬರೆಯುತ್ತದೆ. ಹಾಗಾಗಿ ಒಂದು ಕಡೆ ನಾಲ್ಕು ಬಿಟ್ ಕೆಟ್ಟರೂ ಮುಂದಿನ ಪೂರ್ತಿ ಫ್ರೇಮ್ ಬರುವವರೆಗೆ ಪರದೆ ತುಂಬ ಚೌಕ ಚೌಕ ಕಾಣಬಹುದು.

ಇನ್ನೊಂದು ತೊಡಕು ಬಹಳ ಜನರಿಗೆ ಎದುರಾಗುತ್ತದೆ. ಪೆನ್‌ಡ್ರೈವ್‌ನಲ್ಲಿ 30 ಜಿಬಿ ಖಾಲಿ ಇದ್ದರೂ 5 ಜಿಬಿ ವಿಡಿಯೋ ಕಾಪಿ ಆಗುವುದಿಲ್ಲ. ಡ್ರೈವ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅದರಲ್ಲಿ ಫೈಲ್‌ಗಳನ್ನು ಜೋಡಿಸುವ ಹಳೆಯ ಪದ್ಧತಿ ಎಫ್‌ಎಟಿ32 ಇರಬಹುದು. ಆ ಪದ್ಧತಿಯಲ್ಲಿ ಫೈಲ್‌ನ ಗಾತ್ರ ಬರೆಯಲು ಇರೋದು 32 ಬಿಟ್. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,294,967,295. ಅಷ್ಟು ಬೈಟ್ ದಾಟಿದ ಫೈಲನ್ನು ಅದು ಒಪ್ಪುವುದಿಲ್ಲ. ಎಕ್ಸ್‌ಫ್ಯಾಟ್ ಅನ್ನುವ ಹೊಸ ಪದ್ಧತಿಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಫಾರ್ಮ್ಯಾಟ್ ಮಾಡುವ ಮುಂಚೆ ಒಳಗಿರುವುದನ್ನು ಬೇರೆಡೆ ಇಟ್ಟುಕೊಳ್ಳಿ.

ಈಗ ಮುಖ್ಯ ಪ್ರಶ್ನೆ, ಎರಡನೇ ಪ್ರತಿ ಇಡುವ ಖಾಲಿ ಜಾಗ ಎಲ್ಲಿದೆ? ‘ಡಿ ಡ್ರೈವ್‌ನಲ್ಲೂ ಒಂದು ಇಟ್ಟಿದ್ದೀನಿ’ ಅನ್ನುವವರು ಬಹಳ. ಸಾಮಾನ್ಯವಾಗಿ ಸಿ ಮತ್ತು ಡಿ ಒಂದೇ ಡಿಸ್ಕ್‌ನ ಎರಡು ಭಾಗಗಳು. ಡಿಸ್ಕ್ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಅದೇ ಡಬ್ಬಿಯೊಳಗೆ ಇನ್ನೊಂದು ಡಿಸ್ಕ್ ಹಾಕಿಸಿದರೆ ಸ್ವಲ್ಪ ವಾಸಿ, ಆದರೆ ಕರೆಂಟ್ ಹೆಚ್ಚುಕಮ್ಮಿಯಾದರೆ ಎರಡೂ ಸುಡಬಹುದು. ಎರಡು ಡಿಸ್ಕ್‌ಗಳಿಗೆ ಒಟ್ಟಿಗೇ ಬರೆಯುವ ಏರ್ಪಾಡಿದ್ದರೆ, ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. ಸದಾ ಸಿಕ್ಕಿಸಿಟ್ಟ ಎಕ್ಸ್‌ಟರ್ನಲ್ ಡಿಸ್ಕನ್ನು ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಕೂಡ ಬಿಡುವುದಿಲ್ಲ.

ನನ್ನ ಮಟ್ಟಿಗೆ ಒಳ್ಳೆಯ ಜಾಗ ಅಂದರೆ ತಂಗಿಯ ಮನೆಯ ಕಂಪ್ಯೂಟರ್. ಅವರ ವಿಡಿಯೋ ನಿಮ್ಮ ಡಿಸ್ಕ್‌ನ ಖಾಲಿ ಜಾಗದಲ್ಲಿ, ನಿಮ್ಮದು ಅವರದರಲ್ಲಿ. ಬೇರೆ ಊರಾದರೆ ಇನ್ನೂ ಒಳ್ಳೆಯದು. ಖರ್ಚಿಲ್ಲ, ಆನ್‌ಲೈನ್ ಜಾಗಕ್ಕೆ ಪ್ರತಿ ತಿಂಗಳು ಬಾಡಿಗೆ ಕಟ್ಟುವ ಹಾಗೂ ಇಲ್ಲ.

ಕಾಪಿ ಆದ ಮೇಲೆ ಎರಡೂ ಕಡೆ ಫೈಲ್‌ನ ಚೆಕ್‌ಸಮ್ ತೆಗೆಯಿರಿ. ಎಸ್‌ಎಚ್‌ಎ-256 ಅನ್ನುವ ಲೆಕ್ಕ ಎಷ್ಟೇ ದೊಡ್ಡ ಫೈಲ್‌ಗೂ 64 ಅಕ್ಷರಗಳ ಒಂದು ಗುರುತು ಕೊಡುತ್ತದೆ. ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಇದಕ್ಕೆ ಕಮಾಂಡ್ ಇದೆ, ಸುಮ್ನೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಆ ಗುರುತುಗಳನ್ನು ಒಂದು ನೋಟ್‌ಬುಕ್‌ನಲ್ಲೋ ಟೆಕ್ಸ್ಟ್ ಫೈಲ್‌ನಲ್ಲೋ ತಾರೀಖು ಹಾಕಿ ಬರೆದಿಡಿ. ಹಬ್ಬಕ್ಕೆ ತಂಗಿಯ ಮನೆಗೆ ಹೋದಾಗ ಇನ್ನೊಮ್ಮೆ ತೆಗೆದು ಹೋಲಿಸಿ. ತಾಳೆಯಾಗದಿದ್ದರೆ ಸರಿಯಿರುವ ಪ್ರತಿಯಿಂದ ಆ ಫೈಲನ್ನು ಅಲ್ಲೇ, ಆವತ್ತೇ ಮತ್ತೆ ಕಾಪಿ ಮಾಡಿ.