ವಾಷಿಂಗ್ಟನ್: ಊರಿನ ಹೆಸರು ಮನೆತನಕ್ಕೆ ಬಂದು ಸಾಗರ ದಾಟಿದ ಬಗೆ

ಇಂಗ್ಲಿಷ್ ಅಡ್ಡಹೆಸರುಗಳನ್ನು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಸ್ಮಿತ್ ಎಂಬುದು ಕಮ್ಮಾರಿಕೆಯ ಕಸುಬಿನಿಂದ ಬಂದದ್ದು, ಜಾನ್ಸನ್ ತಂದೆಯ ಹೆಸರಿನಿಂದ, ಬ್ರೌನ್ ಮೈಬಣ್ಣ ಅಥವಾ ಕೂದಲ ಬಣ್ಣದಿಂದ. ನಾಲ್ಕನೆಯದು ಊರಿನಿಂದ ಬಂದ ಹೆಸರುಗಳ ಗುಂಪು. ವಾಷಿಂಗ್ಟನ್ ಈ ಗುಂಪಿಗೆ ಸೇರುತ್ತದೆ. ಊರಿನಿಂದ ಬಂದ ಹೆಸರಿನ ಲಕ್ಷಣವೊಂದನ್ನು ಮೊದಲೇ ಗಮನಿಸಬೇಕು. ಊರಿನಲ್ಲೇ ಇರುವವನನ್ನು ಯಾರೂ ಆ ಊರಿನ ಹೆಸರು ಹಿಡಿದು ಕರೆಯುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಅದೇ ಊರಿನವರು. ಆ ಹೆಸರು ಅಂಟಿಕೊಳ್ಳುವುದು ಒಂದೋ ಊರಿನ ಒಡೆಯನಿಗೆ, ಇಲ್ಲವೇ ಊರು ಬಿಟ್ಟು ಬಂದವನಿಗೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ; ಮೋಕ್ಷಗುಂಡಂ ಎಂಬುದು ಆಂಧ್ರದಲ್ಲಿರುವ ಅವರ ಪೂರ್ವಿಕರ ಊರು. ಅವರ ಹೆಸರನ್ನು ಬಲ್ಲ ನಮಗೆ ಈ ಲಕ್ಷಣವನ್ನು ಅರಿಯುವುದು ಕಷ್ಟವಲ್ಲ.

ವಾಷಿಂಗ್ಟನ್ ಎಂಬ ಹಳ್ಳಿ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಹಿಂದೆ ಡರಮ್ ಕೌಂಟಿಗೆ ಸೇರಿದ್ದ ಪ್ರದೇಶದಲ್ಲಿದೆ. ಹಳೆಯ ದಾಖಲೆಗಳಲ್ಲಿ ಅದನ್ನು ವೆಸ್ಸಿಂಗ್ಟನ್ ಎಂದು ಬರೆಯಲಾಗಿದೆ. ಪ್ರಾಚೀನ ಇಂಗ್ಲಿಷಿನ ಮೂರು ತುಣುಕುಗಳು ಇದರಲ್ಲಿ ಸೇರಿವೆ: ‘ವಾಸ್ಸ’ ಎಂಬುದು ಒಬ್ಬ ವ್ಯಕ್ತಿಯ ಹೆಸರು, ‘ಇಂಗ್’ ಎಂಬುದು ಅವನ ಕಡೆಯವರನ್ನು ಸೂಚಿಸುವ ಪ್ರತ್ಯಯ, ‘ಟೂನ್’ ಎಂದರೆ ಬೇಲಿಯೊಳಗಿನ ಹೊಲಮನೆ ಅಥವಾ ಹಿಡುವಳಿ. ಒಟ್ಟಿನಲ್ಲಿ ‘ವಾಸ್ಸನ ಕಡೆಯವರ ಊರು’ ಎಂದಾಗುತ್ತದೆ. ಬಟ್ಟೆ ಒಗೆಯುವುದಕ್ಕೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಇಂದಿನ ಕಾಗುಣಿತವನ್ನು ನೋಡಿ ಅರ್ಥ ಹೇಳಹೊರಡುವವರು ಎಡವುವುದು ಇಲ್ಲಿಯೇ. ದಕ್ಷಿಣದ ಸಸೆಕ್ಸ್‌ನಲ್ಲಿಯೂ ವಾಷಿಂಗ್ಟನ್ ಎಂಬ ಇನ್ನೊಂದು ಹಳ್ಳಿ ಇರುವುದರಿಂದ, ಈ ಹೆಸರನ್ನು ಹೊತ್ತ ಪ್ರತಿಯೊಂದು ಮನೆತನವೂ ಡರಮ್ ಕಡೆಯದೇ ಎಂದು ಮೊದಲೇ ತೀರ್ಮಾನಿಸುವುದೂ ಸರಿಯಲ್ಲ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಭೂಮಿ ಹೊಸ ಒಡೆಯರ ಕೈಗೆ ಹೋಯಿತು. ಆ ಭೂಮಿ ತಂದೆಯಿಂದ ಮಗನಿಗೆ ಇಳಿದು ಬರಬೇಕಾದಾಗ, ಹಕ್ಕನ್ನು ತೋರಿಸಲು ಹೆಸರೂ ಅದರ ಜೊತೆಗೇ ಇಳಿದು ಬರತೊಡಗಿತು. 1086ರ ಪ್ರಸಿದ್ಧ ಭೂಗಣತಿಯಾದ ಡೂಮ್ಸ್‌ಡೇ ದಾಖಲೆಯಲ್ಲಿ ಡರಮ್ ಸೇರಿರಲಿಲ್ಲ. ಆ ಕೊರತೆಯನ್ನು ನಮಗೆ ತುಂಬಿಕೊಡುವುದು 1183ರಲ್ಲಿ ಡರಮ್‌ನ ಬಿಷಪ್ ಹ್ಯೂ ಡು ಪ್ಯುಯಿಸೆ ಮಾಡಿಸಿದ ಗಣತಿಯಾದ ಬೋಲ್ಡನ್ ಬುಕ್. ಹರ್ಟ್‌ಬರ್ನ್‌ನ ವಿಲಿಯಂ ಎಂಬಾತನು ತನ್ನ ಹರ್ಟ್‌ಬರ್ನ್ ಗ್ರಾಮವನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ, ಚರ್ಚನ್ನೂ ಚರ್ಚಿಗೆ ಸೇರಿದ ಜಮೀನನ್ನೂ ಹೊರತುಪಡಿಸಿ, ವಾಷಿಂಗ್ಟನ್ ಗ್ರಾಮವನ್ನು ಪಡೆದಿದ್ದಾನೆಂದು ಅದರಲ್ಲಿ ಬರೆದಿದೆ. ಅವನು ಸಲ್ಲಿಸಬೇಕಾದ ಗೇಣಿ ನಾಲ್ಕು ಪೌಂಡ್. ಅದರ ಜೊತೆಗೆ ಬಿಷಪ್ಪರ ದೊಡ್ಡ ಬೇಟೆಗೆ ನಾಲ್ಕು ಗ್ರೇಹೌಂಡ್ ನಾಯಿಗಳೊಂದಿಗೆ ಹಾಜರಾಗಬೇಕು. ನಮ್ಮ ಉಂಬಳಿಯ ಪತ್ರಗಳನ್ನು ಓದಿದವರಿಗೆ ಸೇವೆಗೂ ಭೂಮಿಗೂ ಗಂಟು ಹಾಕುವ ಈ ಕ್ರಮ ಹೊಸದೆನಿಸುವುದಿಲ್ಲ. ನಾವು ಇಲ್ಲಿ ಗುರುತು ಹಾಕಿಕೊಳ್ಳಬೇಕಾದ ಮಾತೆಂದರೆ, ಈ ದಾಖಲೆಯಲ್ಲಿ ಆತ ಇನ್ನೂ ‘ಹರ್ಟ್‌ಬರ್ನ್‌ನ ವಿಲಿಯಂ’ ಆಗಿಯೇ ಇದ್ದಾನೆ. ಭೂಮಿ ಬದಲಾದ ಮೇಲೆ ಮನೆತನದ ಹೆಸರೂ ಬದಲಾಗಿ ‘ಡೆ ವೆಸ್ಸಿಂಗ್ಟನ್’ ಆಯಿತು. ‘ಡೆ’ ಎಂಬುದು ಫ್ರೆಂಚಿನಲ್ಲಿ ‘ಆ ಊರಿನ’ ಎಂದು ಹೇಳುವ ಪದ. ಎಂದರೆ ಆ ಕಾಲಕ್ಕೆ ಅಡ್ಡಹೆಸರು ರಕ್ತವನ್ನಲ್ಲ, ಹಿಡುವಳಿಯನ್ನು ಹೇಳುತ್ತಿತ್ತು.

ಮುಂದೆ ಮನೆತನದ ಕವಲೊಂದು ಪಶ್ಚಿಮಕ್ಕೆ ಸರಿದು ಲ್ಯಾಂಕಶೈರಿನ ವಾರ್ಟನ್ ಎಂಬಲ್ಲಿ ನೆಲೆ ನಿಂತಿತು. ಊರು ಬಿಟ್ಟುಹೋದರೂ ಹೆಸರು ಬಿಡಲಿಲ್ಲ. ಹೊತ್ತವರಿಗೆ ಮೂಲ ಊರಿನ ಹಂಗು ತಪ್ಪಿದ ಈ ಹಂತದಲ್ಲಿಯೇ ಊರಿನ ಹೆಸರು ನಿಜವಾದ ಅರ್ಥದಲ್ಲಿ ಅಡ್ಡಹೆಸರಾಯಿತೆಂದು ನಾನು ಭಾವಿಸುತ್ತೇನೆ. ವಾರ್ಟನ್‌ನಿಂದ ಲಾರೆನ್ಸ್ ವಾಷಿಂಗ್ಟನ್ ಎಂಬಾತ ದಕ್ಷಿಣಕ್ಕೆ ನಾರ್ಥಾಂಪ್ಟನ್ ಪಟ್ಟಣಕ್ಕೆ ಬಂದು, ಉಣ್ಣೆ ವ್ಯಾಪಾರದಲ್ಲಿ ಸಂಪಾದಿಸಿ, 1532ರಲ್ಲಿ ಅಲ್ಲಿನ ಮೇಯರ್ ಆದನು. ಇಂಗ್ಲೆಂಡಿನ ರಾಜ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿಯನ್ನು ಮಾರಾಟಕ್ಕಿಟ್ಟಾಗ, 1539ರಲ್ಲಿ ಸಲ್‌ಗ್ರೇವ್ ಎಂಬಲ್ಲಿನ ಮಠದ ಜಮೀನನ್ನು ಕೊಂಡು ಅಲ್ಲಿ ಮನೆ ಕಟ್ಟಿಸಿದನು. ಆ ಮನೆಯ ಪ್ರವೇಶ ಮಂಟಪದ ಮೇಲೆ ಮನೆತನದ ಲಾಂಛನವನ್ನು ಇಂದಿಗೂ ಕಾಣಬಹುದು: ಮೇಲೆ ಮೂರು ನಕ್ಷತ್ರ, ಕೆಳಗೆ ಎರಡು ಅಡ್ಡಪಟ್ಟಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದ ಬಾವುಟದಲ್ಲಿರುವುದೂ ಇದೇ ಗುರುತು. ನಗರ ಅದನ್ನು 1938ರಲ್ಲಿ ತನ್ನದಾಗಿಸಿಕೊಂಡಿತು.

ಸಾಗರ ದಾಟಲು ಕಾರಣವಾದದ್ದು ಒಂದು ಸಂಸಾರದ ಸಂಕಷ್ಟ. ಸಲ್‌ಗ್ರೇವ್ ವಂಶದ ಇನ್ನೊಬ್ಬ ಲಾರೆನ್ಸ್ ವಾಷಿಂಗ್ಟನ್ ಎಸೆಕ್ಸ್‌ನ ಪರ್ಲೀ ಎಂಬ ಊರಿನಲ್ಲಿ ಪಾದ್ರಿಯಾಗಿದ್ದನು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ 1643ರಲ್ಲಿ, ಸಾರಾಯಿ ಅಂಗಡಿಗಳಲ್ಲಿ ಕಾಲ ಕಳೆಯುತ್ತಾನೆಂಬ ಆರೋಪ ಹೊರಿಸಿ ಪಾರ್ಲಿಮೆಂಟಿನ ಕಡೆಯವರು ಅವನನ್ನು ಆ ಸ್ಥಾನದಿಂದ ತೆಗೆದುಹಾಕಿದರು. ಅವನು 1653ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಮೂರು ವರ್ಷಗಳ ನಂತರ ಅವನ ಮಗ ಜಾನ್, ತಂಬಾಕು ತರಲು ಅಮೆರಿಕದ ವರ್ಜೀನಿಯಾಕ್ಕೆ ಹೊರಟ ಹಡಗೊಂದರಲ್ಲಿ ಕೆಲಸ ಹಿಡಿದನು. ಸರಕು ತುಂಬಿಕೊಂಡು ಮರಳುವ ಹೊತ್ತಿಗೆ ಹಡಗು ಪೊಟೊಮ್ಯಾಕ್ ನದಿಯಲ್ಲಿ ಅಪಘಾತಕ್ಕೀಡಾಗಿ, ಜಾನ್ ಅಲ್ಲಿಯೇ ಉಳಿದನು. ಭೂಮಾಲೀಕ ನಥಾನಿಯಲ್ ಪೋಪ್‌ನ ಮಗಳು ಆ್ಯನ್‌ಳನ್ನು ಮದುವೆಯಾಗಿ, ಮಾವನಿಂದ 700 ಎಕರೆ ಜಮೀನು ಉಡುಗೊರೆಯಾಗಿ ಪಡೆದನು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಈ ಜಾನ್‌ನ ಮೊಮ್ಮಗನ ಮಗ. ಇಂಗ್ಲೆಂಡಿನ ಲಾಂಛನಾಧಿಕಾರಿ ಐಸಾಕ್ ಹರ್ಡ್ ವಂಶದ ವಿವರ ಕೇಳಿ ಬರೆದಾಗ, ಈ ವಿಷಯಕ್ಕೆ ತಾನು ಹೆಚ್ಚು ಗಮನ ಕೊಟ್ಟಿಲ್ಲವೆಂದು ಜಾರ್ಜ್ 1792ರಲ್ಲಿ ಉತ್ತರಿಸಿದನು. ವರ್ಜೀನಿಯಾದ ಜಾನ್ ಪರ್ಲೀಯ ಪಾದ್ರಿಯ ಮಗನೆಂಬುದನ್ನು 1889ರಲ್ಲಿ ತೋರಿಸಿಕೊಟ್ಟವರು ವಂಶಾವಳಿ ಸಂಶೋಧಕ ಹೆನ್ರಿ ವಾಟರ್ಸ್.

ಬಹಳಷ್ಟು ಪುಸ್ತಕಗಳು ಹೆಸರಿನ ಕಥೆಯನ್ನು ಇಲ್ಲಿಗೇ ಮುಗಿಸುತ್ತವೆ. ಇದು ಅರ್ಧ ಕಥೆ ಮಾತ್ರವೆಂದು ನನಗೆ ಖಚಿತವಾಗಿ ಅನಿಸುತ್ತದೆ. ಜಾರ್ಜ್‌ಗೆ ಸ್ವಂತ ಮಕ್ಕಳಿರಲಿಲ್ಲ. 2000ದ ಅಮೆರಿಕದ ಜನಗಣತಿಯಲ್ಲಿ ಈ ಅಡ್ಡಹೆಸರಿನವರು ಸುಮಾರು 1,63,000 ಮಂದಿ ಇದ್ದರು, ಅವರಲ್ಲಿ ಶೇ. 90ರಷ್ಟು ಜನ ಕಪ್ಪು ಜನಾಂಗದವರು. ಮಾಲೀಕರ ಹೆಸರನ್ನೇ ಗುಲಾಮರೂ ಹೊತ್ತರೆಂಬುದು ಸುಲಭವಾಗಿ ಹೊಳೆಯುವ ವಿವರಣೆ, ಆದರೆ ಅದು ಎಲ್ಲ ಕಡೆಯೂ ಹೊಂದುವುದಿಲ್ಲ. ಗುಲಾಮಗಿರಿಯಲ್ಲಿದ್ದ ಅನೇಕರು ಮಾಲೀಕರ ಲೆಕ್ಕಪುಸ್ತಕಕ್ಕೆ ಸಿಗದ ಅಡ್ಡಹೆಸರುಗಳನ್ನು ತಮ್ಮತಮ್ಮೊಳಗೆ ಬಳಸುತ್ತಿದ್ದರು, ಮತ್ತು 1865ರಲ್ಲಿ ಬಿಡುಗಡೆಯಾದಾಗ ಬೇರೆ ಬೇರೆ ಕಾರಣಗಳಿಂದ ಹೆಸರನ್ನು ತಾವೇ ಆರಿಸಿಕೊಂಡರು.

ಗುಲಾಮಗಿರಿಯಲ್ಲಿ ಹುಟ್ಟಿ ಮುಂದೆ ಕಪ್ಪು ಜನರ ಶಿಕ್ಷಣದ ಮುಂದಾಳಾದ ಬುಕರ್ ಟಿ. ವಾಷಿಂಗ್ಟನ್ ಅವರ ನಿದರ್ಶನವನ್ನು ಹತ್ತಿರದಿಂದ ನೋಡೋಣ. ಬಿಡುಗಡೆಯ ನಂತರ ಮೊದಲ ಬಾರಿಗೆ ಶಾಲೆಗೆ ಹೋದ ಆ ಹುಡುಗ, ಹಾಜರಿ ಕೂಗುವಾಗ ಉಳಿದ ಮಕ್ಕಳಿಗೆಲ್ಲ ಕನಿಷ್ಠ ಎರಡು ಹೆಸರುಗಳಿರುವುದನ್ನು ಗಮನಿಸಿದನು. ತನಗಿದ್ದದ್ದು ಬುಕರ್ ಎಂಬ ಒಂದೇ ಹೆಸರು. ಶಿಕ್ಷಕರು ಪೂರ್ತಿ ಹೆಸರು ಕೇಳುವ ಸರದಿ ಬಂದಾಗ, ಹುಟ್ಟಿನಿಂದಲೂ ಹಾಗೆಯೇ ಕರೆಯುತ್ತಿದ್ದರೇನೋ ಎಂಬಂತೆ ನಿರಾಳವಾಗಿ ‘ಬುಕರ್ ವಾಷಿಂಗ್ಟನ್’ ಎಂದನು. ಅವನ ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗುಸನ್. ಒಬ್ಬನ ಕರೆಯುವ ಹೆಸರು ಇಲ್ಲಿ ಮಗನಿಗೆ ಅಡ್ಡಹೆಸರಾಯಿತು. ಡರಮ್‌ನ ಹಳ್ಳಿಗೂ ಆ ಹುಡುಗನಿಗೂ ನಡುವೆ ರಕ್ತದ ಎಳೆ ಹುಡುಕಿದರೆ ಸಿಗಲಾರದು.

ಇನ್ನೊಬ್ಬರು ಹ್ಯಾರಿ ವಾಷಿಂಗ್ಟನ್. ಗ್ಯಾಂಬಿಯಾ ಪ್ರದೇಶದಲ್ಲಿ ಹುಟ್ಟಿದ ಇವರನ್ನು ಜಾರ್ಜ್ 1763ರಲ್ಲಿ ಕೊಂಡಿದ್ದನು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ವೇಳೆ, 1776ರಲ್ಲಿ, ಇವರು ಬ್ರಿಟಿಷರ ಪಾಳೆಯಕ್ಕೆ ತಪ್ಪಿಸಿಕೊಂಡು ಹೋದರು. 1783ರಲ್ಲಿ ನ್ಯೂಯಾರ್ಕ್ ಬಿಟ್ಟು ಹಡಗು ಹತ್ತುವಾಗ ಅಧಿಕಾರಿಗಳು ಬರೆದುಕೊಂಡ ಪಟ್ಟಿಯಲ್ಲಿ, ವಯಸ್ಸು 43, ಹಿಂದೆ ಜನರಲ್ ವಾಷಿಂಗ್ಟನ್‌ರ ಸ್ವತ್ತು, ಬಿಟ್ಟುಬಂದು ಏಳು ವರ್ಷ ಎಂದಿದೆ. ಅಲ್ಲಿಂದ ಕೆನಡಾದ ನೋವಾ ಸ್ಕೋಶಿಯಾಕ್ಕೆ, 1792ರಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೋದರು. ಭೂಮಿಯ ಮೇಲಿನ ತೆರಿಗೆಯನ್ನು ಪ್ರತಿಭಟಿಸಿದ 1800ರ ದಂಗೆಯಲ್ಲಿ ಸೇರಿ ಅಲ್ಲಿಂದ ಗಡೀಪಾರಾದರು. ನಾಲ್ಕು ಪೌಂಡ್ ಗೇಣಿಯೊಂದಿಗೆ ಹುಟ್ಟಿದ ಹೆಸರನ್ನು ಆಫ್ರಿಕಾದ ತೀರದಲ್ಲಿ ಭೂತೆರಿಗೆಯ ವಿರುದ್ಧ ನಿಂತವರೊಬ್ಬರು ಹೊತ್ತಿದ್ದರು.

ಇಂದು ಈ ಅಡ್ಡಹೆಸರಿನ ಮೂಲ ಹುಡುಕುವವರಿಗೆ ಸಿಗುವ ಕಾಗದಗಳಲ್ಲಿಯೂ ಈ ಎರಡು ದಾರಿಗಳ ಅಂತರ ಕಾಣುತ್ತದೆ. ಡರಮ್‌ನ ವಂಶದವರು ಬೋಲ್ಡನ್ ಬುಕ್‌ವರೆಗೆ ಹಿಂದಕ್ಕೆ ನಡೆಯಬಲ್ಲರು. ಬಿಡುಗಡೆ ಹೊಂದಿದ ಕುಟುಂಬಗಳಲ್ಲಿ ಹೆಚ್ಚಿನವರ ಹೆಸರು ಜನಗಣತಿಯಲ್ಲಿ ಮೊದಲು ಸಿಗುವುದು 1870ರಲ್ಲಿ. ಅದಕ್ಕೂ ಹಿಂದಿನ 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಮಾಲೀಕನ ಹೆಸರಿನ ಕೆಳಗೆ ಸಾಲುಸಾಲಾಗಿ ವಯಸ್ಸು, ಲಿಂಗ, ಮೈಬಣ್ಣ ಇವೆ. ಅವರ ಹೆಸರುಗಳನ್ನು ಮಾತ್ರ ಬಹುಮಟ್ಟಿಗೆ ಬರೆದಿಲ್ಲ.